ಐನೂರು ಅಡ್ವಾನ್ಸು

ಯುಗಾದಿಗೆ ಹೋಳಿಗೆ, ಮಾರನೇ ದಿನಕ್ಕೆ ಬಾಡು.
ವರ್ಷತೊಡಕಿನ ದಿನ ಬರಿಗೈಲಿ ಕೂತವನಿಗೆ
ವರ್ಷವೆಲ್ಲ ಬರಿಗೈ ಅನ್ನುತ್ತಿದ್ದ ಅಪ್ಪ,
ಮೊಲದ ಬಲೆ ಹೆಗಲಿಗೆ ಹಾಕಿ
ಸೀಗೆಗುಡ್ಡದ ಕಡೆ ಹೊರಡುತ್ತಿದ್ದ.
ಕಾನೂನು ಬಂತು, ಮೊಲ ಬಚಾವಾಯಿತು.
ಬಲೆ ಈಗ ಅಟ್ಟದ ಮೇಲೆ ಧೂಳು ಹಿಡಿಯುತ್ತಿದೆ.
ನಾವು ಮೀನಿಗೆ ಇಳಿದೆವು.

ನಾವು ಅಂದರೆ ನಾಲ್ಕು ಜನ:
ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ ಹೊಲಿಗೆ ಮೆಷಿನ್ನಿಟ್ಟ ನಾನು,
ಓಮ್ನಿ ಇರುವ ಮೆಕ್ಯಾನಿಕ್ ಮುನೀರ,
ಗಾಳದ ಕೊಕ್ಕೆಯನ್ನು ಕುಲುಮೆಯಲ್ಲೇ ಬಗ್ಗಿಸಿಕೊಳ್ಳುವ ದ್ಯಾವಾಚಾರಿ,
ಹೋಂಗಾರ್ಡು ಚೆಲುವೇಗೌಡ. ಇವನು ಮೀನು ಹಿಡಿಯುವುದಿಲ್ಲ,
ಒಲೆ ಹಚ್ಚುತ್ತಾನೆ, ಬಯ್ಯುತ್ತಾನೆ.
ಗೊರೂರಿನಾಚೆ ಹಿನ್ನೀರಿನಲ್ಲಿ ಹರಿಗೋಲಿನ ನಿಂಗಯ್ಯನಿಗೆ
ಶಿವರಾತ್ರಿಗೇ ಐನೂರು ಅಡ್ವಾನ್ಸು.

ಆ ವರ್ಷ ಯುಗಾದಿಯ ಹಿಂದಿನ ರಾತ್ರಿ ದೇಶಕ್ಕೆ ಬೀಗ ಬಿತ್ತು.
ಎರೆಹುಳು ಅಷ್ಟೊತ್ತಿಗಾಗಲೇ ಹಾರ್ಲಿಕ್ಸ್ ಡಬ್ಬಿಯಲ್ಲಿದ್ದವು,
ಮುಚ್ಚಳಕ್ಕೆ ಆರು ತೂತು.
ನಿಮಗಿಂತ ಅವೇ ವಾಸಿ ಅಂದಳು ಹೆಂಡತಿ.

ಬೆಳಗಿನ ಜಾವ ಮೂರಕ್ಕೆ ಹೊರಟರೆ ಯಾರು ಕೇಳ್ತಾರೆ
ಅಂದ ಮುನೀರ, ಫೋನಿನಲ್ಲಿ.
ಕೇಳುವವನು ಚೆಲುವೇಗೌಡನೇ ಆಗಿದ್ದ:
ಗೊರೂರು ರಸ್ತೆಯ ನಾಕಾ, ಕೈಗೆ ಲಾಠಿ, ಮೂಗಿಗೆ ಕರ್ಚೀಫು.
"ಬಂದ್ರೆ ನಿಮಗೆ ಎರಡೇಟು,
ಮನೇಗೋಗಿ ನನಗೆ ನಾನೇ ಎರಡೇಟು.
ಯಾಕ್ ಬೇಕ್ರಲಾ?"

ನಿಂಗಯ್ಯನಿಗೆ ಮಾಡಿದೆ. ನೀರು ತಗ್ಗೈತೆ ಅಂದ,
ಜನದ ಸದ್ದಿಲ್ಲ, ಗೆಂಡೆ ದಡಕ್ಕೇ ಬಂದು ಬಾಲ ಬಡೀತವೆ,
ಕೈಲೇ ಹಿಡೀಬೋದು.
ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದ.
"ಬರಬ್ಯಾಡಿ ಸಾಮಿ. ಊರೋರು ರಸ್ತೆಗೆ ಮುಳ್ಳು ಎಳೆದವ್ರೆ.
ಎಳೆಯೋಕೆ ನಾನೂ ಹೋಗಿದ್ದೆ."

ಹತ್ತು ವರ್ಷ ಬನ್ನಿ ಬನ್ನಿ ಅಂದ ಬಾಯಿ.
ಫೋನಿಟ್ಟು ಹುಳದ ಡಬ್ಬಿಯನ್ನು
ಕನಕಾಂಬರದ ಪಾತಿಗೆ ಬೋರಲು ಹಾಕಿದೆ.

ಮೂರನೇ ವಾರ, ಬೆಳಿಗ್ಗೆ, ಬಾಗಿಲಲ್ಲಿ ಹಾಲಿನ ವ್ಯಾನು.
ಡ್ರೈವರು ಅತ್ತಿತ್ತ ನೋಡಿ ಒಂದು ಕ್ಯಾನು ಇಳಿಸಿದ.
ಹಾಲಿಲ್ಲ. ಮುತ್ತುಗದೆಲೆ ಸುತ್ತಿ ಉಪ್ಪು ಸವರಿದ ಕಾಟ್ಲಾ,
ನನ್ನ ಮೊಣಕೈಯಷ್ಟುದ್ದ.
ಹಾಲಿನ ವಾಸನೆಯ ಮೀನು ತಿಂದಿದ್ದೀರಾ?
ನಾನು ತಿಂದಿದ್ದೇನೆ. ಚೆನ್ನಾಗಿರುವುದಿಲ್ಲ.
ಮುನೀರನ ಬೀದಿಗೆ ಆಗಲೇ ಗಳು ಕಟ್ಟಿದ್ದರು,
ಅವನ ಪಾಲು ಚೆಲುವೇಗೌಡ ಲಾಠಿಯ ತುದಿಗೆ ಸಿಕ್ಕಿಸಿ ದಾಟಿಸಿದ.
ಕ್ಯಾನು ಖಾಲಿ ಕಳಿಸಬಾರದು ಅಂತ
ಟೆಂಟಿಗೆ ತಂದಿಟ್ಟ ನೀಲಿ ಬಟ್ಟೆ ಕತ್ತರಿಸಿ
ಅರವತ್ತು ಮಾಸ್ಕು ಹೊಲಿದೆ.
ನಿಂಗಯ್ಯನ ಊರು ನಮ್ಮ ಟೆಂಟನ್ನು
ಮೂಗಿಗೆ ಕಟ್ಟಿಕೊಂಡು ಓಡಾಡಿತಂತೆ.

ಮರುವರ್ಷ ವರ್ಷತೊಡಕಿನ ದಿನವೇ ರೋಜಾ ಶುರು.
ರಂಜಾನ್ ಮುಗೀಲಿ, ಹಬ್ಬದ ಮಾರನೇ ದಿನ ಪಕ್ಕಾ ಅಂದ ಮುನೀರ.
ಹಬ್ಬಕ್ಕೆ ನಾಲ್ಕು ದಿನ ಇರುವಾಗ ದೊಡ್ಡಾಸ್ಪತ್ರೆಯಿಂದ ಫೋನು.
ಹಿಂದೆ, ನೀರಿನೊಳಗೆ ಗುಳ್ಳೆ ಏಳುವ ಸದ್ದು.
ಹಿನ್ನೀರಿಗೇ ಹೋಗಿಬಿಟ್ಟನೇನೋ ಅನ್ನಿಸಿತು ಒಂದು ಕ್ಷಣ;
ಆಕ್ಸಿಜನ್ ಬಾಟಲಿ ಅದು.
ಅವನು ಕೇಳಿದ್ದು ಇಷ್ಟೇ: "ಹುಳ ಅಗೆದ್ಯಾ?"
ಅಗೆದಿದ್ದೀನಿ ಅಂದೆ.
ಆಮೇಲೆ ಗುದ್ದಲಿ ಹುಡುಕಿಕೊಂಡು ಹಿತ್ತಲಿಗೆ ಹೋಗಿ
ಕತ್ತಲಲ್ಲೇ ಅಗೆದೆ, ಸುಳ್ಳಾಗಬಾರದು ಅಂತ.

ಓಮ್ನಿಯನ್ನು ಈಗ ಅವನ ಮಗಳು ರುಬೀನಾ ಓಡಿಸುತ್ತಾಳೆ,
ಸ್ಕೂಲಿನ ಮಕ್ಕಳಿಗೆ.
ಮಳೆಗಾಲದಲ್ಲಿ ಹಿಂದಿನ ಸೀಟು ಇನ್ನೂ ಮೀನು ನಾರುತ್ತದೆ,
ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತವಂತೆ.

ಮೊನ್ನೆ ಮಂಗಳವಾರ ಸಂತೆಯಲ್ಲಿ ನಿಂಗಯ್ಯ ಸಿಕ್ಕ.
ಅಡ್ವಾನ್ಸು ಹಂಗೇ ಉಳಿದೈತಲ್ಲ ಸಾಮಿ
ಅಂತ ಜೇಬಿಗೆ ಕೈ ಹಾಕಿದ.
ಬೇಡ ಅಂದೆ.
ಅದು ನಾಲ್ಕು ಜನದ ದುಡ್ಡು,
ನಾನೊಬ್ಬನೇ ಈಸಿಕೊಳ್ಳೋಕಾಗಲ್ಲ.